ಬಲಕ್ಕೆ ವಾಲಿದ ಗಾಡಿ

“ಗಾಡಿ ಬಲಕ್ಕ ವಾಲೈತಿ” ಎಂದು ನಮ್ಮ ಮನೆಯವರು ಮೊದಲ ಸಲ ಅಂದಾಗ ನನಗೆ ಖುಷಿಯಾಗಿತ್ತು. ನಗಬೇಡಿ. ಲಕ್ವಾ ಹೊಡೆದು, ಹಾವೇರಿಯ ಆಸ್ಪತ್ರೆಯಿಂದ ಬ್ಯಾಡಗಿಯ ಮನೆಗೆ ಬಂದ ಮೇಲೆ ಆ ಮನುಷ್ಯ ಸಾರಿಗೆ ಉಪ್ಪು ಹೆಚ್ಚಾಯಿತು ಅಂತಲೂ ಅಂದಿರಲಿಲ್ಲ, ಕಡಿಮೆಯಾಯಿತು ಅಂತಲೂ ಅಂದಿರಲಿಲ್ಲ. ಕಟ್ಟೆಯ ಮೇಲೆ ಕುರ್ಚಿ ಹಾಕಿ ಕೂರಿಸಿದರೆ ಸಂಜೆಯ ತನಕ ಎದುರಿಗೆ ಹಿಂಭಾಗ ತೋರಿಸಿ ನಿಂತ ಪಿಕಪ್ಪನ್ನೇ ನೋಡುತ್ತಿದ್ದರು. ಅಂಥವರು ತಾವಾಗಿ ಬಾಯಿ ಬಿಟ್ಟಿದ್ದರು, ಅದೂ ಗಾಡಿಯ ಮಾತು.

ಬ್ಯಾಡಗಿಯಲ್ಲಿ ಮೆಣಸಿನಕಾಯಿ ಗಾಡಿ ಓಡಿಸುವವರಿಗೆ ಈ ವಾಲುವ ವಿಷಯ ಸಣ್ಣದಲ್ಲ. ಚೀಲ ನೋಡಲು ದೊಡ್ಡದು, ತೂಕ ಕಡಿಮೆ. ಹಾಗಾಗಿ ಮುಗಿಲು ಮುಟ್ಟುವಂತೆ ಒಟ್ಟುತ್ತಾರೆ. ಕೆಳಗೆ ಗಾಡಿ ಎರಡು ಬೆರಳು ಕೂತಿದ್ದರೆ ಮೇಲೆ ಲೋಡು ಒಂದು ಮೊಳ ಜರುಗುತ್ತದೆ. ಲೋಡು ಹಾಕುವ ಮೊದಲು ಇವರು ಗಾಡಿಯ ಹಿಂದೆ ತುದಿಗಾಲಲ್ಲಿ ಕೂತು, ಒಂದು ಕಣ್ಣು ಮುಚ್ಚಿ ನೋಡುತ್ತಿದ್ದರು. ಇವರು ಹೂಂ ಅನ್ನುವವರೆಗೆ ಹಮಾಲರು ಚೀಲ ಎತ್ತುತ್ತಿರಲಿಲ್ಲ. ಬೇರೆ ಡ್ರೈವರುಗಳೂ ತಮ್ಮ ಗಾಡಿ ತಂದು ತೋರಿಸುತ್ತಿದ್ದರು. ಇವರ ಎದುರು ಅಳತೆಯ ಟೇಪು ತೆಗೆದರೆ ಅವಮಾನ ಮಾಡಿದಂತೆ.

ಕಾಲು ದಿನದಿನಕ್ಕೆ ಬರುತ್ತಿತ್ತು, ಕೋಲೂರಿಕೊಂಡು ಮನೆಯೊಳಗೆ ನಾಲ್ಕು ಹೆಜ್ಜೆ ಇಡುತ್ತಿದ್ದರು. ಎಡಗಾಲಿನಿಂದ ಗೋಡೆಗೆ ಆನಿಸಿದ ದಿಂಬನ್ನು ಕ್ಲಚ್ ಒತ್ತಿದ ಹಾಗೆ ಒತ್ತುತ್ತಿದ್ದರು. ಎಡಗೈ ಮುಷ್ಟಿ ಹಿಡಿಯತೊಡಗಿತ್ತು. ಕಣ್ಣು ಚೆನ್ನಾಗಿವೆ ಎಂದು ಡಾಕ್ಟರೇ ಹೇಳಿದ್ದರು, ಗೋಡೆಯ ಮೇಲಿನ ಸಣ್ಣ ಅಕ್ಷರವನ್ನೂ ಇವರು ಓದಿದ್ದರು. ಗಾಡಿಯ ತಮ್ಮ ಚಾವಿಯನ್ನು ನನ್ನ ಕೈಗೆ ಕೊಟ್ಟು, “ಗಾಡಿ ಸಮ ಆದ ದಿನ ಕೊಡು. ಅವತ್ತ ನಾ ಸ್ಟೇರಿಂಗ್ ಹಿಡೀತೇನಿ” ಅಂದರು. ಅದನ್ನು ಸೆರಗಿಗೆ ಗಂಟು ಹಾಕಿಕೊಂಡೆ. ಈ ಮನುಷ್ಯ ಮತ್ತೆ ಗಾಡಿ ಹತ್ತದಿದ್ದರೆ ಆ ಕುರ್ಚಿಯಲ್ಲೇ ಸವೆದು ಹೋಗುತ್ತಾರೆ ಎಂಬ ಹೆದರಿಕೆ ನನ್ನನ್ನು ತಿನ್ನುತ್ತಿತ್ತು.

ಇನ್ನೊಂದು ಚಾವಿಯಲ್ಲಿ ಅಲ್ಲಿಯವರೆಗೆ ಗಾಡಿ ನಡೆಸುತ್ತಿದ್ದವನು ನನ್ನ ಮೈದುನ. ಅವನ ಬೆನ್ನು ಹತ್ತಿ, ಇವರನ್ನೂ ಕೂರಿಸಿಕೊಂಡು ರಾಣೆಬೆನ್ನೂರಿಗೆ ಹೋದೆವು. ಗಾಲಿಯ ಮೇಲೆ ಭಾರ ಹೊರುವ ಕಬ್ಬಿಣದ ಪಾಟಾ ಕಟ್ಟುವ ಹಳೆಯ ಮೇಸ್ತ್ರಿ ಅಲ್ಲಿದ್ದಾರೆ. ಅವರು ಟೈರಿಗೂ ಬಾಡಿಗೂ ನಡುವೆ ಗೇಣು ಹಾಕಿ ನೋಡಿದರು. ಎರಡೂ ಕಡೆ ಒಂದೇ. ತಲೆ ಕೆರೆದುಕೊಂಡು ಮತ್ತೊಮ್ಮೆ ಗೇಣು ಹಾಕಿದರು. ಆಮೇಲೆ ಇವರ ಮುಖ ನೋಡಿ, ಅಣ್ಣಾರ ಕಣ್ಣಿಗೆ ಕಂಡಿದ್ದರೆ ಇದ್ದೇ ಇರುತ್ತದೆ, ನನ್ನ ಗೇಣೇ ಸುಳ್ಳು ಎಂದು ಬಲಗಡೆಯ ಪಾಟಾ ಬಿಚ್ಚಿ, ಆ ಕಡೆ ಮೇಲೇಳುವಂತೆ ಬಾಗು ಹೆಚ್ಚಿಸಿ ಕೂರಿಸಿದರು. ಮನೆಗೆ ಬಂದು ಕುರ್ಚಿಯಲ್ಲಿ ಕೂತು ನೋಡಿದ ಇವರು, ಇನ್ನೂ ಬಲಕ್ಕೇ ಇದೆ ಅಂದರು.

ಮೈದುನ ನನ್ನನ್ನು ಹಿತ್ತಲಿಗೆ ಕರೆದ. “ವೈನಿ, ಗಾಡಿ ಈಗ ಎಡಕ್ಕ ವಾಲಾಕತ್ತೈತಿ. ಅಣ್ಣಗ ಹೇಳೂದು ಹೆಂಗ?” ಅಂದ. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಗಾಡಿ ನಿನ್ನ ಕೈಯಲ್ಲೇ ಉಳಿಯಲಿ ಅಂತ ಆಸೆ ನಿನಗೆ, ಅಣ್ಣ ಮೂಲೆ ಸೇರಲಿ ಅಂತ ಕಾಯುತ್ತಿದ್ದೀಯ ಎಂದು ಬಾಯಿಗೆ ಬಂದದ್ದೆಲ್ಲ ಬೈದೆ. ಪಾಪ, ಅವನು ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ. ಒಳಗೆ ಬಂದರೆ ನಡುಮನೆಯ ಗೋಡೆಯಲ್ಲಿ ಅತ್ತೆಯ ಫೋಟೋ ಮತ್ತೆ ಸೊಟ್ಟಗಾಗಿತ್ತು. ಆ ದಿನಗಳಲ್ಲಿ ಅದೊಂದು ಕಾಟ. ದಿನಾ ಬೆಳಿಗ್ಗೆ ನೆಟ್ಟಗೆ ಮಾಡುತ್ತಿದ್ದೆ, ಮಧ್ಯಾಹ್ನದೊಳಗೆ ಬಲಮೂಲೆ ಮೇಲೆದ್ದಿರುತ್ತಿತ್ತು. ಹಲ್ಲಿಯ ಕೆಲಸ ಎಂದು ಹಲ್ಲಿಗೂ ನಾಲ್ಕು ಬೈದು ಸರಿ ಮಾಡಿದೆ.

ಇವರು ಊಟ ಬಿಟ್ಟರು. ಅನ್ನ ಕಲಸಿ ಮುಂದಿಟ್ಟರೆ ತಟ್ಟೆ ಸರಿಸುತ್ತಿದ್ದರು. ಗಾಡಿ ಸಮ ಆಗುವುದಿಲ್ಲ, ನಾನೂ ಇಷ್ಟೇ ಎಂದು ಗೋಡೆಯ ಕಡೆ ಮುಖ ಮಾಡಿ ಮಲಗಿಬಿಡುತ್ತಿದ್ದರು. ಅಣ್ಣತಮ್ಮ ಇಬ್ಬರನ್ನೂ ಮತ್ತೆ ರಾಣೆಬೆನ್ನೂರಿಗೆ ಹೊರಡಿಸಿದೆ. ಮೇಸ್ತ್ರಿ ಈ ಸಲ ಒಪ್ಪಲಿಲ್ಲ. ಬಲಗಡೆ ಇನ್ನೊಂದು ಪಾಟಾ ಏರಿಸಿದರೆ ಲೋಡು ಹಾಕಿದ ದಿನ ಗಾಡಿ ಮಗುಚುತ್ತದೆ, ಆ ಪಾಪ ನನಗೆ ಬೇಡ ಅಂದರು. ಅಂಗಡಿಯ ಮುಂದೆ, ನಾಲ್ಕು ಜನ ನೋಡುತ್ತಿರುವಾಗ, ಅವರ ಕಾಲು ಹಿಡಿಯಲು ಬಗ್ಗಿದೆ. ಅವರು ಗಾಬರಿಯಾಗಿ ಹಿಂದೆ ಸರಿದು, ಜಾಕ್ ಏರಿಸಿದರು.

ಕೆಲಸ ಮುಗಿಯಿತು. ಕೆಲಸಕ್ಕೆ ಕೂತವರಿಗೆಲ್ಲ ಮೆಣಸಿನಕಾಯಿ ಧೂಳಿಗೆ ಸೀನಿ ಸೀನಿ ಸಾಕಾಗಿದ್ದರಿಂದ ಮೈದುನ ಗಾಡಿಯ ಲೋಡು ಹಾಕುವ ತಳದ ಮೇಲೆ ಎರಡು ಕೊಡ ನೀರು ಹೊಯ್ದ. ಇವರು ಹಿಂದೆ ಹಾಕಿದ ಸ್ಟೂಲಿನ ಮೇಲೆ ಕೂತು, ಒಂದು ಕಣ್ಣು ಮುಚ್ಚಿ, ಬಹಳ ಹೊತ್ತು ನೋಡಿದರು.

“ಈಗ ನೋಡು, ಸಮ ಆತು.”

ಆ ಮುಖದ ಬೆಳಕು ನೋಡಿ ನನಗೂ ಅಳು ಬಂತು. ಹರಕೆ ತೀರಿದಂತಾಯಿತು ಎಂದು ಕಣ್ಣೊರೆಸಿಕೊಂಡು ಗಾಡಿಯ ಕಡೆ ತಿರುಗಿದೆ. ಕೆಂಪು ನೀರೆಲ್ಲ ಎಡಕ್ಕೆ ಓಡಿ, ಎಡಮೂಲೆಯಿಂದ ಧಾರೆಯಾಗಿ ಸುರಿಯುತ್ತಿತ್ತು. ಬಲಮೂಲೆ ಒಣಗಿತ್ತು. ಬಲಗಡೆ ಮೇಲೆದ್ದ ಆ ಗಾಡಿಯನ್ನು ಎಲ್ಲೋ ನೋಡಿದ್ದೇನೆ ಅನ್ನಿಸಿತು. ನಮ್ಮ ನಡುಮನೆಯ ಗೋಡೆ ಕಣ್ಣ ಮುಂದೆ ಬಂತು. ಹಲ್ಲಿಯಲ್ಲ, ದಿನಾ ಇವರೇ ಎದ್ದು ಹೋಗಿ ತಮ್ಮ ತಾಯಿಯ ಫೋಟೋವನ್ನು ತಮ್ಮ ಕಣ್ಣಿನ ಲೆಕ್ಕಕ್ಕೆ ನೆಟ್ಟಗೆ ಮಾಡುತ್ತಿದ್ದರು. ಮೈದುನನೂ ಮೇಸ್ತ್ರಿಯೂ ನೆಲ ನೋಡುತ್ತ ನಿಂತಿದ್ದರು.

ಇವರು ಕೋಲೂರಿಕೊಂಡು ಡ್ರೈವರ್ ಬಾಗಿಲ ತನಕ ತಾವೇ ನಡೆದರು. ಚಾವಿಗೆ ಕೈ ಚಾಚಿದರು. ನಾನು ಸೆರಗಿನ ಗಂಟನ್ನು ಮುಷ್ಟಿಯಲ್ಲಿ ಹಿಡಿದುಕೊಂಡೆ.

“ಇನ್ನೂ ವಾಲೈತ್ರಿ” ಅಂದೆ.

“ಯಾವ ಕಡಿಗೆ?”

“ಎಡಕ್ಕ.”

ಒಮ್ಮೆ ಗಾಡಿಯನ್ನು, ಒಮ್ಮೆ ನನ್ನನ್ನು ನೋಡಿ ಇವರು ನಕ್ಕರು. ಲಕ್ವಾ ಹೊಡೆದ ಮೇಲೆ ಇವರು ನಕ್ಕಿದ್ದು ಅದೇ ಮೊದಲು. ಚಾಚಿದ ಕೈಯನ್ನು ನನ್ನ ತಲೆಯ ಮೇಲಿಟ್ಟು, ಸಣ್ಣ ಮಗುವಿಗೆ ಹೇಳುವಂತೆ ಹೇಳಿದರು.

“ನಿನ್ನ ಕಣ್ಣು ಕೆಟ್ಟಾವು. ನಡಿ, ಹಾವೇರಿಗೆ ಹೋಗಿ ತೋರಿಸೋಣು. ನಾನ ಗಾಡಿ ಹೊಡ್ಕೊಂಡು ಕರ್ಕೊಂಡು ಹೋಗ್ತೇನಿ.”

ನಾನು ಗಂಟು ಬಿಚ್ಚಲಿಲ್ಲ.