ತಲೆದೂಗದೆ ಕೇಳಿದ ಹಾಡು

ಬಂಟ್ವಾಳ ಪೇಟೆಯಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದ ಒಬ್ಬರಿಗೆ ಯಾವ ಹಾಡು ಕೇಳಿದರೂ ತಲೆದೂಗುವ ಅಭ್ಯಾಸ. ತಲೆಯ ಜೊತೆ ಭುಜ, ಭುಜದ ಜೊತೆ ಮೇಜೂ ಅಲ್ಲಾಡುತ್ತಿತ್ತು. ಹಾಗಾಗಿ ಬೆಸುಗೆ ಹಾಕುವಾಗ ಅಂಗಡಿಯ ರೇಡಿಯೋಗಳೆಲ್ಲ ಬಂದ್. ಸೋಲ್ಡರಿಂಗ್ ಐರನ್ ಕೆಂಡದಲ್ಲಿ ಕಾಯಬೇಕಿತ್ತು; ಅವಸರ ಮಾಡಿದವರಿಗೆಲ್ಲ ಒಂದೇ ಉತ್ತರ: "ತಡೀರಿ ಮಾರಾಯ್ರೆ, ಬಿಸಿ ಬರ್ಲಿ."

ನನ್ನ ಅಕ್ಕ ಮೊದಲ ಸಲ ರೇಡಿಯೋದಲ್ಲಿ ಹಾಡುವ ದಿನವೇ ನಮ್ಮ ಟ್ರಾನ್ಸಿಸ್ಟರ್ ಕೆಟ್ಟಿತು. ಅಮ್ಮನೂ ನಾನೂ ಅದನ್ನು ಹಿಡಿದುಕೊಂಡು ಅವರ ಅಂಗಡಿಗೆ ಓಡಿದೆವು. ಅವರು ಮುಚ್ಚಳ ತೆಗೆದು ಭೂತಗನ್ನಡಿಯಲ್ಲಿ ನೋಡಿದರು. ಹುರುಳಿಕಾಳಿನಷ್ಟು ಪುಟ್ಟ ಬಿಡಿಭಾಗವೊಂದರ ತಂತಿಕಾಲು ಬೆಸುಗೆಯಿಂದ ಕಿತ್ತುಬಂದಿತ್ತು. ಐರನ್ನನ್ನು ಆಗಷ್ಟೇ ಕೆಂಡದಲ್ಲಿಟ್ಟಿದ್ದರು.

"ಬಿಸಿ ಬರುವಾಗ ಅವಳ ಹಾಡು ಮುಗೀತದೆ," ಅಂದಳು ಅಮ್ಮ, ಅಳುವ ದನಿಯಲ್ಲಿ.

ಅವರು ಬೆಂಕಿಕಡ್ಡಿಯ ತುದಿಯಿಂದ ಆ ಕಾಲನ್ನು ಅದರ ಜಾಗಕ್ಕೆ ಒತ್ತಿ ಹಿಡಿದರು. ಅಕ್ಕನ ದನಿ ಅಂಗಡಿ ತುಂಬಿತು!

"ಮೇಜು ಮುಟ್ಬೇಡಿ. ಕೈ ಅಲ್ಲಾಡಿದ್ರೆ ಹಾಡು ಹೋಗ್ತದೆ," ಎಂದು ಪಿಸುಗುಟ್ಟಿದರು.

ಅಮ್ಮ ತಲೆದೂಗಿದಳು. ಬೀಡಿಗೆ ಬೆಂಕಿ ಕೇಳಲು ಬಂದವನೂ ತೂಗಿದ. ಅವರು ಮಾತ್ರ ಉಸಿರು ಬಿಗಿಹಿಡಿದು ಕೂತಿದ್ದರು. ಮೇಜಿನ ಕೆಳಗೆ ಕಾಲ್ಬೆರಳುಗಳಷ್ಟೇ ತಾಳ ಹಾಕುತ್ತಿದ್ದವು.

ಹಾಡು ಮುಗಿಯಿತು. ಅವರು ಕಡ್ಡಿ ತೆಗೆದರು, ರೇಡಿಯೋ ಸುಮ್ಮನಾಯಿತು. ಆಮೇಲೆ ಕಣ್ಣು ಮುಚ್ಚಿ, ಮೇಜು ಗಡಗಡ ಅನ್ನುವ ಹಾಗೆ ತಲೆದೂಗತೊಡಗಿದರು.

"ಬಿಸಿ ಬಂತಲ್ಲ, ಇನ್ನು ಬೆಸುಗೆ ಹಾಕಿ," ಅಂದಳು ಅಮ್ಮ.

"ತಡೀರಿ ಮಾರಾಯ್ರೆ," ಎಂದರು ಅವರು, ಕಣ್ಣು ತೆರೆಯದೆ. "ಹಾಡು ಮುಗೀಲಿ."