ಕೌದಿ ಸುತ್ತಿದ ತಂಪು ಪೆಟ್ಟಿಗೆ

ಪುಣೆಯ ಕಾರು ಕಾರ್ಖಾನೆಯಲ್ಲಿ ಹನ್ನೆರಡು ವರ್ಷ ಎಂಜಿನ್ನಿನ ಬಿಸಿ ಇಳಿಸುವುದೇ ನನ್ನ ಕೆಲಸವಾಗಿತ್ತು. ಅದನ್ನು ಬಿಟ್ಟು ಬಸವನ ಬಾಗೇವಾಡಿಯಲ್ಲಿ ಸ್ವಂತ ವರ್ಕ್‌ಶಾಪ್ ತೆರೆದೆ. ಅಲ್ಲಿ ಮೊದಲು ಮಾಡಿದ್ದು ಒಂದು ತಂಪು ಪೆಟ್ಟಿಗೆ. ಅದಕ್ಕೆ ಐಸ್ ಬೇಡ, ಗ್ಯಾಸೂ ಬೇಡ. ಬಿಸ್ಕತ್ತಿಗಿಂತ ತೆಳ್ಳಗಿನ ಒಂದು ಬಿಲ್ಲೆಗೆ ಜೀಪಿನ ಬ್ಯಾಟರಿಯಿಂದ ಕರೆಂಟು ಕೊಟ್ಟರೆ ಅದರ ಒಂದು ಮಗ್ಗುಲು ತಣ್ಣಗಾಗುತ್ತದೆ, ಇನ್ನೊಂದು ಕಾಯುತ್ತದೆ. ತಣ್ಣನೆಯದು ಪೆಟ್ಟಿಗೆಯೊಳಗೆ, ಬಿಸಿಯದು ಹೊರಗೆ. ಆ ಬಿಸಿ ಊದಿಹಾಕಲು ಪಕ್ಕದಲ್ಲಿ ಒಂದು ಫ್ಯಾನು.

ಕುರಿಗಳ ಲಸಿಕೆ ಒಯ್ಯಲು ಇದು ನಡೆದೀತೇ ನೋಡೋಣ ಎಂದು ಮುದ್ದೇಬಿಹಾಳದ ಪಶುವೈದ್ಯೆಯೊಬ್ಬರು ಒಪ್ಪಿದರು. ಶರತ್ತು ಒಂದೇ: ಬೇಸಿಗೆ ಬಿಸಿಲಲ್ಲಿ ಇಂಡಿಯಿಂದ ಸಿಂದಗಿ ಹಾದು ತಮ್ಮಲ್ಲಿಗೆ ಬರುವ ತನಕ ಲಸಿಕೆಯ ಬದಲು ಒಳಗಿಟ್ಟ ನೀರಿನ ಬಾಟಲಿಗಳು ಎಂಟು ಡಿಗ್ರಿ ದಾಟಬಾರದು. ದಾಟಿದರೆ ಅವರು ಲಸಿಕೆ ಕೊಡುವುದಿಲ್ಲ, ನಾನು ಬಾಗಿಲು ಮುಚ್ಚಿ ಮತ್ತೆ ಪುಣೆಯ ಬಸ್ಸು ಹಿಡಿಯಬೇಕು.

ಪೆಟ್ಟಿಗೆ ತರಲು ಜೀಪು ಕೊಟ್ಟು ಡ್ರೈವರನನ್ನು ಇಂಡಿಗೆ ಕಳಿಸಿ, ನಾನು ಮುದ್ದೇಬಿಹಾಳದಲ್ಲಿ ಕಾಯುತ್ತಿದ್ದೆ. ಜೀಪು ಬಂತು. ಮುಚ್ಚಳ ತೆಗೆದರೆ ನೀರು ಸ್ನಾನಕ್ಕೆ ಹದವಾಗಿತ್ತು! ನನ್ನ ಡ್ರೈವರ್ ಪೆಟ್ಟಿಗೆಗೆ ಹಳೇ ಬಟ್ಟೆ ಸೇರಿಸಿ ಹೊಲಿದ ದಪ್ಪನೆಯ ಕೌದಿ ಸುತ್ತಿ ಹಗ್ಗ ಬಿಗಿದಿದ್ದ. ಫ್ಯಾನಿಗೆ ಉಸಿರಾಡಲು ಜಾಗವೇ ಇರಲಿಲ್ಲ. ನನಗೋ ಮೂಗಿನ ತುದಿಯಲ್ಲೇ ಸಿಟ್ಟು. ವೈದ್ಯೆಯ ಎದುರಿಗೇ ಅವನ ಮೇಲೆ ಹರಿಹಾಯ್ದೆ.

"ಸಾಹೇಬ್ರ, ಐಸ್ ತರಬೇಕಾದ್ರ ನಾವು ಕೌದಿ ಸುತ್ತೇ ತರ್ತೇವ್ರಿ. ತಂಪು ಹೊರಗ ಹೋಗಂಗಿಲ್ಲ. ನಿಮ್ಮ ಪೆಟ್ಟಿಗಿ ಬ್ಯಾರೆ ಥರಾ ಐತಿ ಅಂತ ನನಗ ಯಾರರ ಹೇಳಿದ್ರೇನ್ರಿ?" ಎಂದ.

ಯಾರೂ ಹೇಳಿರಲಿಲ್ಲ. ಕುಣಿಯಲು ಬಾರದವಳು ನೆಲ ಡೊಂಕು ಎಂದಳಂತೆ. ವಾಪಸು ಬರುವಾಗ ಅವನ ಪಕ್ಕ ಕೂರಲು ನಾಚಿಕೆಯಾಯಿತು. ಕೌದಿ ತಂಪನ್ನು ಕಾಯುತ್ತದೆ ಎಂಬುದು ಸುಳ್ಳಲ್ಲ. ಸುತ್ತಲಿನ ಹಳ್ಳಿಗಳಲ್ಲಿ ಗೊಳಸಂಗಿಯವನಾದರೂ, ಮಸೂತಿಯವನಾದರೂ ಅದನ್ನೇ ಸುತ್ತುತ್ತಾನೆ. 'ಸುತ್ತಬೇಡಿ' ಎಂದು ಚೀಟಿ ಅಂಟಿಸುವ ಬದಲು ಪೆಟ್ಟಿಗೆಯನ್ನೇ ತಿದ್ದಿದೆ. ಬಿಲ್ಲೆಯ ಬಿಸಿ ಮಗ್ಗುಲನ್ನು ತಳಕ್ಕೆ ತಿರುಗಿಸಿ, ಜೀಪಿನ ನೆಲ ಕೊರೆದು, ಬಿಸಿಗಾಳಿ ಕೆಳಗೆ ಹೋಗುವಂತೆ ಮಾಡಿದೆ.

ವೈದ್ಯೆ ಫೋನಿನಲ್ಲಿ, "ಇನ್ನೊಂದ ಸಲ ನೋಡೂಣು. ಆಮ್ಯಾಲ ಕೇಳಬ್ಯಾಡ್ರಿ" ಎಂದರು.

ಈ ಸಲ ಇಂಡಿಯಲ್ಲಿ ಕೌದಿ ಸುತ್ತಿದವನು ನಾನೇ. ಡ್ರೈವರ್ ನನ್ನ ಗಂಟು ನೋಡಿ ನಕ್ಕು, ಬಿಚ್ಚಿ, ತಾನೇ ಬಿಗಿದ.

ಮುದ್ದೇಬಿಹಾಳದಲ್ಲಿ ಥರ್ಮಾಮೀಟರು ಐದು ಡಿಗ್ರಿ ತೋರಿಸಿತು. ಎದೆಯುಬ್ಬಿ ಅಂಗಿಯ ಗುಂಡಿ ಹಾರುವುದೊಂದು ಬಾಕಿ. ಪುಣೆಯಲ್ಲಿ ನಾನು ಕೆಲಸ ಮಾಡಿದ ಕಾರುಗಳು ಎಲ್ಲೆಲ್ಲೋ ಓಡುತ್ತಿವೆ. ಒಂದೂ ನನಗೆ ಇಷ್ಟು ಹೆಮ್ಮೆ ತಂದಿರಲಿಲ್ಲ.

ವೈದ್ಯೆ ಭೇಷ್ ಎನ್ನಲಿಲ್ಲ. ಇನ್ನೊಮ್ಮೆ ಅಳೆದರು. ಒಳಗೆ ಹೋಗಿ ಫ್ರಿಜ್ಜಿನಿಂದ ಲಸಿಕೆಯ ಬಾಟಲಿಗಳನ್ನು ತಂದು ನನ್ನ ಪೆಟ್ಟಿಗೆಯಲ್ಲಿ ಒಂದೊಂದಾಗಿ ಜೋಡಿಸತೊಡಗಿದರು. ಇನ್ನು ಒಳಗಿರುವುದು ನೀರಲ್ಲ, ನಿಜವಾದ ಲಸಿಕೆ.

"ಮೇಡಂ, ನಿಮ್ಮ ಐಸಿನ ಡಬ್ಬಿನೂ ಜೋಡಿ ಇರ್ಲಿ ಬಿಡ್ರಿ," ಎಂದೆ.

"ಅದ್ಯಾಕ್ರಿ? ಇದು ಐತಲ್ಲ," ಎಂದು ಅವರು ಮುಚ್ಚಳ ಹಾಕಿದರು.