ಆಚೆ ದಡಕ್ಕೆ ಅಡ್ಡ ಬಂದ ಅಶುದ್ಧ

ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿದವಳು ನಾನು. ಇನ್ನೊಬ್ಬರ ಬರವಣಿಗೆಯಲ್ಲಿ ತಪ್ಪು ಹುಡುಕುವುದೆಂದರೆ ನನಗೆ ಮಾವಿನ ಮಿಡಿ ಉಪ್ಪಿನಕಾಯಿ ಚೀಪಿದಷ್ಟು ಖುಷಿ. ಅಂಥವಳು ಒಂದೇ ಒಂದು ಪದವನ್ನು ತಪ್ಪಾಗಿ ಆರಿಸಿ ಇಡೀ ಕೆರೆಯನ್ನು ಕಳೆದುಕೊಳ್ಳುವುದರಲ್ಲಿದ್ದೆ. ಈಗ ಹೇಳುವಾಗ ನಗು ತಡೆಯಲಾಗುವುದಿಲ್ಲ. ಆಗ ಮಾತ್ರ ಎರಡು ದಿನ ಊಟ ಸೇರಿರಲಿಲ್ಲ.

ಕಾರ್ಕಳದಿಂದ ನಿಟ್ಟೆಯ ಕಡೆಗೆ ಹೋಗುವಾಗ ರಸ್ತೆಯಿಂದ ಸ್ವಲ್ಪ ಒಳಗೆ ನಮ್ಮ ಕೆರೆ. ಈಚೆ ದಡದಲ್ಲಿ ನಿಂತು ಕೂಗಿದರೆ ಆಚೆ ದಡದವರಿಗೆ ಯಾರೋ ಕೂಗಿದರು ಎಂದು ತಿಳಿಯುತ್ತದೆ, ಯಾರು ಎಂದು ತಿಳಿಯುವುದಿಲ್ಲ. ಅಷ್ಟು ಅಗಲ. ಮೇ ತಿಂಗಳಲ್ಲೂ ಬತ್ತುವುದಿಲ್ಲ. ಸುತ್ತಲಿನ ಬಾವಿಗಳೆಲ್ಲ ಅದರ ಒರತೆಯನ್ನೇ ನಂಬಿವೆ. ನಾನು ಹುಟ್ಟಿ ಬೆಳೆದದ್ದು ಅದರ ಈಚೆ ದಡದ ಮನೆಯಲ್ಲಿ, ಮದುವೆಯಾಗಿ ಹೋದದ್ದು ನಾಲ್ಕು ಮನೆ ಆಚೆಗೆ. ಹೀಗಾಗಿ ಕೆರೆಯನ್ನು ಬಿಟ್ಟು ಬದುಕಿದ್ದೇ ಇಲ್ಲ.

ಈಜು ಕಲಿತದ್ದು ತೆಂಗಿನಕಾಯಿಯ ಮೇಲೆ. ಸಿಪ್ಪೆ ಸುಲಿಯದ ಎರಡು ಒಣ ಕಾಯಿಗಳನ್ನು ಹಗ್ಗದಲ್ಲಿ ಜೋಡಿಸಿ ಕಟ್ಟಿ, ಹಗ್ಗದ ಮೇಲೆ ಎದೆಯಿಟ್ಟು ಮಲಗುವುದು. ಎರಡು ಕಡೆ ಎರಡು ಕಾಯಿ ತೇಲುತ್ತವೆ, ನಡುವೆ ನಾವು. ಪಕ್ಕದಲ್ಲೇ ಇನ್ನೊಂದು ಜೋಡಿ ಕಾಯಿಯ ಮೇಲೆ ನನ್ನ ಗೆಳತಿ. ಅವಳದು ಕೊಂಕಣಿ ಮಾತಾಡುವ ಕ್ರಿಶ್ಚಿಯನ್ ಮನೆ, ನಮ್ಮದು ತುಳು. ನಮ್ಮಿಬ್ಬರ ಮಾತುಕತೆಯೆಲ್ಲ ತುಳುವಿನಲ್ಲೇ. ಇಲ್ಲಿ ಕನ್ನಡ ಮಾಡಿ ಬರೆಯುತ್ತಿದ್ದೇನೆ.

ಹದಿನಾಲ್ಕನೆಯ ವಯಸ್ಸಿನಲ್ಲಿ, ಕಾಯಿಗಳನ್ನೆಲ್ಲ ಬಿಟ್ಟ ಮೇಲೆ, ಇಬ್ಬರೂ ಮನೆಯಲ್ಲಿ ಹೇಳದೆ ಆಚೆ ದಡಕ್ಕೆ ಹೊರಟೆವು. ಅರ್ಧ ದಾರಿಯಲ್ಲಿ ನಾನು ಕೆಳಗೆ ನೋಡಿದೆ. ನೀರು ಕಪ್ಪಗಿತ್ತು. ಅಷ್ಟೇ, ಕೈಕಾಲು ಬಿದ್ದುಹೋಯಿತು. ಅಳುತ್ತಾ ತಿರುಗಿದೆ. ಅವಳಾದರೆ ಸಲೀಸಾಗಿ ದಾಟಿಬಿಡುತ್ತಿದ್ದಳು. ಆದರೂ ಒಂದು ಮಾತಾಡದೆ ನನ್ನ ಜೊತೆಗೇ ವಾಪಸು ಬಂದಳು. ಆಮೇಲೆ ಅವಳಿಗೆ ನರ್ಸಿಂಗ್, ಶಿರ್ವದ ಮನೆಯ ಸಂಬಂಧ, ಗಲ್ಫ್. ಆಚೆ ದಡ ಹಾಗೆಯೇ ಉಳಿಯಿತು. ನನ್ನ ಹೆದರಿಕೆಯಿಂದ ಉಳಿಯಿತು ಎಂಬುದು ಎದೆಯಲ್ಲಿ ಮುಳ್ಳಿನ ಹಾಗೆ ಇತ್ತು.

ಅವಳು ಎಲ್ಲ ಮುಗಿಸಿಕೊಂಡು ಶಿರ್ವಕ್ಕೆ ಮರಳಿದ ವರ್ಷ ಸ್ಕೂಟರಿನಲ್ಲಿ ನೇರ ನಮ್ಮ ಅಂಗಳಕ್ಕೇ ಬಂದಳು. ಹೆಲ್ಮೆಟ್ ತೆಗೆಯುವ ಮೊದಲೇ ಕೇಳಿದಳು, "ಎಂತ, ಹೋಗುವನಾ ಆಚೆ ದಡಕ್ಕೆ?"

"ಅರವತ್ತಾಯ್ತು ಮಾರಾಯ್ತಿ ನಮಗೆ!"

"ಅದಕ್ಕೇ ಹೇಳುದು. ಇನ್ನು ಎರಡು ವರ್ಷ ಬಿಟ್ಟರೆ ಭುಜ ಎತ್ತಲಿಕ್ಕೆ ಆಗುದಿಲ್ಲ. ಅಲ್ಲಿ ಬಿಲ್ಡಿಂಗಿನ ಈಜುಕೊಳದಲ್ಲಿ ಸುತ್ತು ಹೊಡೆದು ಹೊಡೆದು ನನಗೆ ತಲೆ ತಿರುಗಿ ಹೋಗಿ ಉಂಟು. ಒಂದು ಸಲ ನೆಟ್ಟಗೆ ಈಜಬೇಕು."

ಆ ಕ್ಷಣ ನನಗೆ ಹದಿನಾಲ್ಕೇ! ಮರುದಿನದಿಂದಲೇ ಅಭ್ಯಾಸ ಶುರು. ಅವಳು ಬೆಳಗ್ಗೆ ಬರುತ್ತಿದ್ದಳು, ಇಬ್ಬರೂ ಚೂಡಿದಾರದಲ್ಲೇ ಇಳಿಯುತ್ತಿದ್ದೆವು, ದಂಡೆಯ ಗುಡಿಗೆ ಬಂದವರು ಬಾಯಿಬಿಟ್ಟುಕೊಂಡು ನೋಡುತ್ತಿದ್ದರು. ನೀರಿಗಿಳಿದ ಮೇಲೆ ಚಳಿಯೇನು, ಮಳೆಯೇನು! ಮೂರನೆಯ ದಿನ ಇಬ್ಬರಿಗೂ ಮೈಯೆಲ್ಲ ತುರಿಕೆ. ಐದನೆಯ ದಿನ ಮೆಟ್ಟಿಲ ಬಳಿ ಸತ್ತ ಮೀನುಗಳು. ಒಂದು ಮೂಲೆಯಲ್ಲಿ ಹಸಿರು ಕೆನೆ ಕಟ್ಟಿತ್ತು.

"ಇದು ಬರೀ ಪಾಚಿ ಅಲ್ಲ," ಎಂದು ನನ್ನ ನರ್ಸ್ ಗೆಳತಿ ಮೂಗು ಮುಚ್ಚಿಕೊಂಡಳು. "ಬಾ, ಎಲ್ಲಿಂದ ಅಂತ ನೋಡುವಾ."

ಕೆರೆಗೆ ನೀರು ತರುವ ತೋಡನ್ನು ಹಿಡಿದು ಮೇಲಕ್ಕೆ ನಡೆದೆವು. ಚೂಡಿದಾರ ಎತ್ತಿಕಟ್ಟಿ, ಕೇದಗೆ ಮುಳ್ಳಿಗೆ ಕಾಲು ತರಚಿಕೊಂಡು, ಕಳ್ಳನ ಜಾಡು ಹಿಡಿದ ಪೊಲೀಸರ ಉತ್ಸಾಹದಲ್ಲಿ! ರಸ್ತೆಯ ಮೋರಿಯ ಕೆಳಗೆ ಸಿಕ್ಕಿಯೇಬಿಟ್ಟಿತು: ಒಂದು ದಪ್ಪ ಪೈಪು, ಅದರ ಬಾಯಿಂದ ಬೂದು ಬಣ್ಣದ ನೊರೆ. ಪೈಪಿನ ಇನ್ನೊಂದು ತುದಿ ಗುಡ್ಡದ ಮೇಲಿನ ಎರಡು ಬಾಡಿಗೆ ಕಟ್ಟಡಗಳಲ್ಲಿತ್ತು. ಕಾಲೇಜಿನ ಮಕ್ಕಳು ಉಳಿಯುವ ಕೋಣೆಗಳು. ಕಕ್ಕಸಿನ ಗುಂಡಿ ತುಂಬಿ ಉಕ್ಕಿದ್ದೆಲ್ಲ ಮಣ್ಣಿನಡಿ ಹಾದು ತೋಡಿಗೆ, ತೋಡಿನಿಂದ ಕೆರೆಗೆ. ಕಟ್ಟಡಗಳು ಕೆರೆ ದಂಡೆಯ ಗುಡಿಯ ಸಮಿತಿಯ ಅಧ್ಯಕ್ಷರದು. ಅವರು ಪಂಚಾಯತ್ ಸದಸ್ಯರೂ ಹೌದು. ಪ್ರತಿ ವರ್ಷ ಮೊದಲ ಹಲಸಿನ ಹಣ್ಣನ್ನು ನಮ್ಮ ಮನೆಗೆ ಕಳಿಸುವವರು.

ಇಲ್ಲಿಯೇ ನಾನು ಎಡವಿದ್ದು. ನಮ್ಮ ಕಡೆಯವರಿಗೆ ಒಂದು ರೋಗವಿದೆ. ಮನೆಯಲ್ಲಿ ತುಳುವಿನಲ್ಲೋ ಕೊಂಕಣಿಯಲ್ಲೋ ಏನನ್ನು ಬೇಕಾದರೂ ಬಿಡಿಸಿ ಹೇಳುತ್ತೇವೆ. ಕನ್ನಡ ಬರೆಯಲು ಕುಳಿತೆವೋ, ಇಸ್ತ್ರಿ ಮಾಡಿದ ಅಂಗಿ ತೊಟ್ಟಂತೆ ನೆಟ್ಟಗಾಗುತ್ತೇವೆ. ಪಂಚಾಯತಿಗೆ ಅರ್ಜಿ ಬರೆಯುವಾಗ 'ಕಕ್ಕಸಿನ ನೀರು' ಎಂಬ ಮಾತು ನನ್ನ ಪೆನ್ನಿಗೆ ಬರಲೇ ಇಲ್ಲ. ಹಲಸಿನ ಹಣ್ಣಿನ ದಾಕ್ಷಿಣ್ಯವೂ ಇತ್ತು ಎನ್ನಿ. ಯೋಚಿಸಿ ಯೋಚಿಸಿ ಬರೆದೆ: 'ಮಾನ್ಯರೇ, ನಮ್ಮ ಕೆರೆಯು ಅಶುದ್ಧಗೊಂಡಿದ್ದು, ಸೂಕ್ತ ಕ್ರಮ ಕೈಗೊಂಡು ಶುದ್ಧಗೊಳಿಸಬೇಕಾಗಿ ಸವಿನಯ ಪ್ರಾರ್ಥನೆ.' ಓದಿ ನೋಡಿ ನನಗೆ ನಾನೇ ಹತ್ತಕ್ಕೆ ಹತ್ತು ಕೊಟ್ಟುಕೊಂಡೆ.

ಅರ್ಜಿ ಅಧ್ಯಕ್ಷರ ಕೈಗೇ ಹೋಯಿತು. ಅವರು ಅದನ್ನು ಗುಡಿಯ ಸಮಿತಿಯ ಸಭೆಯಲ್ಲಿ ಗಟ್ಟಿಯಾಗಿ ಓದಿದರಂತೆ. "ಕೆರೆಗೆ ಅಶುದ್ಧ ಆಗಿದೆ ಅಂತ ಟೀಚರೇ ಬರೆದು ಕೊಟ್ಟಿದ್ದಾರೆ. ಶುದ್ಧ ಮಾಡಿಸಬೇಕಂತೆ." ನಮ್ಮೂರಿನಲ್ಲಿ ಅಶುದ್ಧ ಎಂದರೆ ಸೂತಕ, ಮೈಲಿಗೆ. ಶುದ್ಧ ಎಂದರೆ ಭಟ್ಟರು, ಹೋಮ, ಕಲಶ. ಒಂದೇ ಮಾತಿನಲ್ಲಿ ತೀರ್ಮಾನವಾಯಿತು: ಬರುವ ಭಾನುವಾರ ಕೆರೆಗೆ ಶುದ್ಧ ಕಲಶ, ಮಧ್ಯಾಹ್ನ ಊಟ.

ಸುದ್ದಿ ಕೇಳಿ ಮೊದಲು ನಕ್ಕೆ. ಆಮೇಲೆ ಉಳಿದರ್ಧ ಕಿವಿಗೆ ಬಿತ್ತು. ಅಶುದ್ಧ ಆದದ್ದು ಯಾಕೆ ಎಂದು ಸಭೆಯಲ್ಲಿ ಯಾರೋ ಕೇಳಿದರಂತೆ. ಇನ್ನಾರೋ ಹೇಳಿದರಂತೆ, ಎಷ್ಟೋ ವರ್ಷದಿಂದ ಇಲ್ಲದ್ದು ಈಗ ಹೆಂಗಸರು ಕೆರೆಗೆ ಇಳಿಯುತ್ತಿದ್ದಾರಲ್ಲ, ಅದರಲ್ಲೂ ಒಬ್ಬರು ಗುಡಿಗೆ ಸೇರಿದವರೂ ಅಲ್ಲ. ಹಾಗಾಗಿ ಕಲಶ ಮುಗಿದ ಕೂಡಲೇ ಮೆಟ್ಟಿಲ ಬಳಿ ಬೋರ್ಡ್ ಹಾಕುವುದು ಎಂದೂ ನಿರ್ಣಯವಾಗಿತ್ತು: ಸ್ತ್ರೀಯರು ಕೆರೆಗೆ ಇಳಿಯಬಾರದು. ನನ್ನದೇ ಅರ್ಜಿ, ನನ್ನದೇ ಸಹಿ! ತಾನು ತೋಡಿದ ಗುಂಡಿಗೆ ತಾನೇ ಬೀಳುವುದು ಎಂದು ಮಕ್ಕಳಿಗೆ ಎಷ್ಟು ಸಲ ವಾಕ್ಯ ಬರೆಸಿದ್ದೆನೋ.

ಸಿಟ್ಟಿನಿಂದ ಮೈ ಉರಿಯಿತು. ಅವರ ಮೇಲೆ ಅರ್ಧ, ನನ್ನ ಮೇಲೆ ಇನ್ನರ್ಧ. ಗೆಳತಿಗೆ ಫೋನ್ ಮಾಡಿ ಹೇಳಿದಾಗ ಅವಳೆಂದಳು: "ಬೇಡ ಬಿಡು ಮಾರಾಯ್ತಿ. ನನ್ನಿಂದ ಊರಲ್ಲಿ ಗಲಾಟೆ ಬೇಡ. ಆಚೆ ದಡ ಇಲ್ಲದಿದ್ರೆ ಇಲ್ಲ."

ಹಿಂದೆ ಒಂದು ಮಾತಾಡದೆ ನನ್ನ ಜೊತೆ ತಿರುಗಿ ಬಂದವಳು ಈಗಲೂ ತಿರುಗಲು ಸಿದ್ಧಳಿದ್ದಳು. ಅದನ್ನು ನನಗೆ ಸಹಿಸಲಾಗಲಿಲ್ಲ. "ಭಾನುವಾರ ನೀನು ಬರಬೇಕು," ಎಂದೆ. "ಚರ್ಚಿನ ಪೂಜೆ ಮುಗಿಸಿ ಬಾ. ಬರಲೇಬೇಕು."

ಭಾನುವಾರ ಊರಿಗೆ ಊರೇ ನೆರೆದಿತ್ತು. ಶಾಮಿಯಾನ, ಧ್ವನಿವರ್ಧಕ, ದೊಡ್ಡ ಕಡಾಯಿಯಲ್ಲಿ ಸಾಂಬಾರು. ಶಿರ್ವದ ಇಗರ್ಜಿಯಲ್ಲಿ ಬೆಳಗಿನ ಪೂಜೆ ಮುಗಿಸಿ ಗೆಳತಿಯೂ ಬಂದು ಶಾಮಿಯಾನದ ಕಂಬದ ಬಳಿ ನಿಂತಳು. ಬೋರ್ಡ್ ಆಗಲೇ ತಯಾರಾಗಿ, ಬಣ್ಣ ಒಣಗುತ್ತಾ, ಮಾವಿನ ಮರಕ್ಕೆ ಒರಗಿತ್ತು. 'ಸ್ತ್ರೀಯರು' ಎಂಬಲ್ಲಿ ರ ಒತ್ತು ಬಿಟ್ಟುಹೋಗಿತ್ತು. ಅಂಥ ಹೊತ್ತಿನಲ್ಲೂ ಅದು ನನ್ನ ಕಣ್ಣಿಗೆ ಬಿತ್ತು, ನೋಡಿ!

ಭಟ್ಟರು ಮಂತ್ರ ಹೇಳಿ ಮುಗಿಸಿದರು. ಕಲಶಕ್ಕೆ ತುಂಬಿದ್ದು ಕೆರೆಯದೇ ನೀರು. ನೀರಿಗೆ ಬೇರೇನೂ ಆಗಿಲ್ಲವೆಂದು ತೋರಿಸಲು ಅದೇ ಆಗಬೇಕೆಂದು ಅಧ್ಯಕ್ಷರೇ ಹೇಳಿದ್ದರಂತೆ. ಅದನ್ನು ಒಂದಿಷ್ಟು ಕೆರೆಗೆ ಸುರಿದು, ಉಳಿದದ್ದನ್ನು ತೀರ್ಥವೆಂದು ಕೊಡಲು ಭಟ್ಟರು ತಾಮ್ರದ ಚಮಚ ಹಿಡಿದು ಬಂದರು. ಮೊದಲು ಅಧ್ಯಕ್ಷರಿಗೆ. ಅದು ಮರ್ಯಾದೆ. ಅಧ್ಯಕ್ಷರು ಬಲಗೈಯನ್ನು ಗುಳಿ ಮಾಡಿ ಮುಂದೆ ಚಾಚಿದರು.

ನಾನು ಮುಂದೆ ನುಗ್ಗಿದೆ. ನಾನೇನು ಹೇಳಬೇಕೆಂದು ಎರಡು ದಿನ ಯೋಚಿಸಿದ್ದೆ. ಒಳ್ಳೆಯ ವಾಕ್ಯಗಳೇ ಇದ್ದವು. ಅವೆಲ್ಲ ಎಲ್ಲಿ ಹೋದವೋ! ಬಾಯಿಂದ ಬಂದದ್ದು ಇಷ್ಟೇ: "ಭಟ್ರೇ, ಕೊಡಬೇಡಿ. ಅದು ಕಕ್ಕಸಿನ ನೀರು!"

ಧ್ವನಿವರ್ಧಕದ ಮೈಕು ಹತ್ತಿರದಲ್ಲೇ ಇದ್ದದ್ದು ನನಗೆ ಗೊತ್ತಿರಲಿಲ್ಲ. ಕಕ್ಕಸಿನ ನೀರು ಗುಡ್ಡಕ್ಕೆ ಬಡಿದು ಇನ್ನೊಮ್ಮೆ ಕೇಳಿಸಿತು. ಚಮಚ ಅರ್ಧದಲ್ಲಿ ನಿಂತಿತು. ಅಧ್ಯಕ್ಷರು ಕೈ ಹಿಂದೆ ಎಳೆದುಕೊಂಡರು. ಬೆಂಕಿ ತಾಗಿದವರ ಹಾಗೆ ಎಳೆದುಕೊಂಡರು, ಅಷ್ಟು ಜನ ನೋಡುತ್ತಿದ್ದಂತೆ. ಉಳಿದವರೆಲ್ಲ ಯಾವ ನೀರು, ಎಲ್ಲಿಯದು ಎಂದು ಗೊಂದಲದಲ್ಲಿ ಮುಖ ಮುಖ ನೋಡುತ್ತಿದ್ದರು. ಅವರೊಬ್ಬರಿಗೆ ಮಾತ್ರ ಕೇಳಬೇಕಾದದ್ದು ಏನೂ ಇರಲಿಲ್ಲ.

"ಟೀಚರೇ," ಎಂದರು ಭಟ್ಟರು, ಮೆಲ್ಲಗೆ. "ಎಲ್ಲಿಂದ ಬರುದು ಅದು?"

"ಮೋರಿಯ ಅಡಿಯಲ್ಲಿ ಪೈಪುಂಟು. ಬನ್ನಿ, ತೋರಿಸ್ತೇನೆ. ನಾನು ಅರ್ಜಿಯಲ್ಲಿ ಸರಿಯಾಗಿ ಬರೆಯಲಿಲ್ಲ, ಅದು ನನ್ನದೇ ತಪ್ಪು. ಆದರೆ ಕೆರೆ ಹಾಳಾದದ್ದು ನಾವಿಬ್ಬರು ಇಳಿದದ್ದರಿಂದ ಅಲ್ಲ."

ಜನ ಹೊರಟೇಬಿಟ್ಟರು! ಭಟ್ಟರು ಮುಂದೆ, ಕಚ್ಚೆ ಎತ್ತಿಕೊಂಡು. ಅವರ ಹಿಂದೆ ಅಡುಗೆಯವರು, ಹೆಂಗಸರು, ಮಕ್ಕಳು, ಎಲ್ಲರೂ ತೋಡಿನುದ್ದಕ್ಕೆ. ಗೆಳತಿ ದಾರಿ ತೋರಿಸುತ್ತಿದ್ದಳು, "ಇಲ್ಲಿ ಜಾರುತ್ತದೆ, ಮೆಲ್ಲ, ಮೆಲ್ಲ," ಎನ್ನುತ್ತಾ, ವಾರ್ಡಿನಲ್ಲಿ ರೋಗಿಗಳನ್ನು ನಡೆಸುವಂತೆ. ಮೋರಿಯ ಬಳಿ ನಿಂತವರು ಮೂಗಿಗೆ ಸೆರಗು ಹಿಡಿದರು. ಯಾರೂ ಅಧ್ಯಕ್ಷರ ಹೆಸರು ಎತ್ತಲಿಲ್ಲ. ಎತ್ತುವ ಅಗತ್ಯವೇ ಇರಲಿಲ್ಲ, ತಲೆ ಎತ್ತಿದರೆ ಕಟ್ಟಡಗಳು ಕಾಣುತ್ತಿದ್ದವು.

ಭಟ್ಟರು ಅಧ್ಯಕ್ಷರ ಕಡೆ ತಿರುಗಿ ಹೇಳಿದ ಮಾತು ನನಗೆ ಇಂದಿಗೂ ನೆನಪಿದೆ. "ನನ್ನ ಮಂತ್ರಕ್ಕೆ ಪೈಪು ಮುಚ್ಚಲಿಕ್ಕೆ ಬರುದಿಲ್ಲ ಮಾರಾಯ್ರೆ. ಅದನ್ನು ನೀವೇ ಮುಚ್ಚಬೇಕು."

ಒಂದು ಮಾತು ಅವರ ಪರವಾಗಿ ಹೇಳಲೇಬೇಕು. ಅಧ್ಯಕ್ಷರು ಜಗಳಕ್ಕೆ ನಿಲ್ಲಲಿಲ್ಲ, ವಕೀಲರನ್ನು ಹುಡುಕಲಿಲ್ಲ. ಆ ವಾರವೇ ಪೈಪು ಕಿತ್ತರು, ಗುಡ್ಡದ ಇನ್ನೊಂದು ಬದಿಯಲ್ಲಿ ಕೆರೆಯಿಂದ ದೂರಕ್ಕೆ ಹೊಸ ಗುಂಡಿಗಳನ್ನು ತೆಗೆಸಿದರು. ಪಂಚಾಯತಿನವರು ಬಂದು ಮೋರಿಯ ಫೋಟೋ ತೆಗೆದರು. ಬೇರೆ ಮನೆಗಳ ಪೈಪುಗಳೂ ಒಂದೊಂದಾಗಿ ಹೊರಬಿದ್ದವು. ಅದರಲ್ಲಿ ನನ್ನ ಭಾವನ ಮನೆಯ ಬಚ್ಚಲಿನದೂ ಒಂದು! ಅವರ ಮೇಲೆ ಕೂಗಾಡಿದ್ದು ಇನ್ನೊಂದು ಕಥೆ. ಬೋರ್ಡ್ ಏನಾಯಿತೋ ತಿಳಿಯದು. ಮಾವಿನ ಮರದ ಬುಡದಲ್ಲಿ ಅದರ ಗೂಟ ಮಾತ್ರ ಬಹಳ ದಿನ ಬಿದ್ದಿತ್ತು. ಆ ವರ್ಷ ಹಲಸಿನ ಹಣ್ಣು ಬರಲಿಲ್ಲ. ಬೇಸರವಾಯಿತು, ಸುಳ್ಳು ಹೇಳುವುದಿಲ್ಲ.

ಜೂನಿನಲ್ಲಿ ಮಳೆ ಹಿಡಿಯಿತು. ಕೆರೆ ತುಂಬಿ ಕೋಡಿ ಹರಿಯಿತು, ಹಸಿರು ಕೆನೆಯೆಲ್ಲ ಕೊಚ್ಚಿಹೋಯಿತು. ದೀಪಾವಳಿಯ ಹೊತ್ತಿಗೆ ನೀರು ತಿಳಿಯಾಯಿತು. ಗೆಳತಿ ಒಂದು ಬಾಟಲಿ ತುಂಬಿಸಿಕೊಂಡು ಹೋಗಿ ಮಣಿಪಾಲದ ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಿದಳು. ವರದಿ ಬಂದ ದಿನ ಅವಳು ಫೋನಿನಲ್ಲಿ ಕಿರುಚಿದ್ದಕ್ಕೆ ನನ್ನ ಕಿವಿ ಗುಂಯ್ ಎಂದಿತು. "ಈಜಬಹುದಂತೆ! ಕುದಿಸದೆ ಕುಡೀಬಾರದು, ಆದರೆ ಈಜಬಹುದು!"

ಹೊರಟೆವು. ಒಂದು ಶನಿವಾರ ಬೆಳಗ್ಗೆ, ಬಿಸಿಲು ಏರುವ ಮೊದಲು. ಭಾವ ತೆಪ್ಪದಲ್ಲಿ ಪಕ್ಕಕ್ಕೆ ಬಂದರು, ಪ್ರಾಯಶ್ಚಿತ್ತ ಎಂದೇ ಇಟ್ಟುಕೊಳ್ಳಿ. ಅರ್ಧ ದಾರಿಗೆ ಬಂದಾಗ ಅದೇ ಜಾಗ. ನಾನು ಕೆಳಗೆ ನೋಡಿದೆ. ಕಪ್ಪಗೇ ಇತ್ತು. ಕೈ ತಡೆಯಿತು, ಒಂದು ಬಾಯಿ ನೀರು ಒಳಗೆ ಹೋಯಿತು.

ಅವಳು ಈಜು ನಿಲ್ಲಿಸಿದಳು. "ನುಂಗಿದೆಯಾ?"

"ನುಂಗಿದೆ."

"ತೀರ್ಥ ಆಯ್ತಲ್ಲ ಮಾರಾಯ್ತಿ. ಇನ್ನೆಂತ ಹೆದರಿಕೆ? ನಡಿ!"

ನಗುತ್ತಾ ಈಜುವುದು ಎಷ್ಟು ಕಷ್ಟ ಎಂದು ಆ ದಿನ ಗೊತ್ತಾಯಿತು. ಆಚೆ ದಡ ಹತ್ತಿರವಾಗುತ್ತಿದ್ದಂತೆ ಕೆಂಪು ಮುರಕಲ್ಲಿನ ಮೆಟ್ಟಿಲ ಮೇಲೆ ಒಬ್ಬರು ನಿಂತದ್ದು ಕಂಡಿತು. ಅಧ್ಯಕ್ಷರು. ಪಂಚೆ ಎತ್ತಿಕಟ್ಟಿಕೊಂಡು ಕೊನೆಯ ಮೆಟ್ಟಿಲಿಗೆ ಇಳಿದು ಕುಕ್ಕರುಗಾಲಲ್ಲಿ ಕುಳಿತರು. ಬಲಗೈಯನ್ನು ಗುಳಿ ಮಾಡಿ ನೀರಿಗಿಳಿಸಿ, ಎತ್ತಿ, ಕುಡಿದೇಬಿಟ್ಟರು.

"ಅಯ್ಯೋ, ಕುದಿಸದೆ ಕುಡೀಬೇಡಿ ಮಾರಾಯ್ರೆ!" ಎಂದು ನೀರಿನಿಂದಲೇ ನರ್ಸ್ ಬೊಬ್ಬೆ ಹೊಡೆದಳು.

"ಇರಲಿ ಬಾಯಮ್ಮ," ಎಂದರು ಅವರು, ಕೈ ತಲೆಗೆ ಒರೆಸಿಕೊಳ್ಳುತ್ತಾ. "ಅವತ್ತಿನ ತೀರ್ಥ ಬಾಕಿ ಇತ್ತು."

ನನಗಿಂತ ಮುಂದಿದ್ದ ಗೆಳತಿ ಕೈ ನಿಧಾನ ಮಾಡಿದಳು. ನಾನು ಸರಿಸಮಕ್ಕೆ ಬರುವವರೆಗೆ ಕಾದಳು. ನಲವತ್ತಾರು ವರ್ಷ ತಡವಾಗಿ ಇಬ್ಬರೂ ಒಟ್ಟಿಗೆ ಆ ಮೆಟ್ಟಿಲನ್ನು ಮುಟ್ಟಿದೆವು.